ಹಾಲಿನ ಪ್ಲಾಂಟಿನಲ್ಲಿ ‘ಮಿಕ್ಸ್’ ಎಂದರೆ ಯಾವ ಕೆಲಸ?

ಹಾಲಿನ ಪ್ಲಾಂಟಿನಲ್ಲಿ ಪಾಳಿ ಬದಲಾಗುವಾಗ ಲಾಗ್‌ಬುಕ್‌ನಲ್ಲಿ ‘ಸೈಲೋ ಮಿಕ್ಸ್ ಆಗಿದೆ’ ಎಂದಷ್ಟೇ ಬರೆದು ಹೋಗುವವರಿದ್ದಾರೆ. ಸೈಲೋ ಎಂದರೆ ಹಾಲು ತುಂಬಿಡುವ ದೊಡ್ಡ ಟ್ಯಾಂಕ್. ನಾನು ಲ್ಯಾಬಿನಲ್ಲಿ ಕೆಲಸ ಮಾಡುವವನು. ಆ ಸಾಲು ಓದಿದರೆ ನನಗೆ ಏನೂ ತಿಳಿಯುವುದಿಲ್ಲ. ಕಲಕಿದ್ದೋ, ಫ್ಯಾಟ್ (ಕೊಬ್ಬು) ಹೊಂದಿಸಿದ್ದೋ, ಕೊಬ್ಬಿನ ಕಣಗಳನ್ನು ಒಡೆದು ‘ಹೋಮೋ’ ಮಾಡಿದ್ದೋ? ಮೂರೂ ಬೇರೆ ಬೇರೆ ಕೆಲಸ. ಹೊಸದಾಗಿ ಸೇರುವ ಹುಡುಗರಿಗೆ ನಾನು ಮೊದಲು ಹೇಳಿಕೊಡುವುದೇ ಇದನ್ನು.

ಕಲಕುವುದು ತೀರಾ ಸಣ್ಣ ಕೆಲಸದ ಹಾಗೆ ಕಾಣುತ್ತದೆ, ಅಲ್ವಾ? ನನ್ನ ಮಟ್ಟಿಗೆ ಅದೇ ದೊಡ್ಡದು. ಕೊಬ್ಬು ಹಗುರ. ಹಾಲು ಸುಮ್ನೆ ನಿಂತರೆ ಅದು ಮೇಲಕ್ಕೆ ಏರುತ್ತದೆ. ಕ್ಯಾನಿನ ಮೇಲಿಂದ ಸ್ಯಾಂಪಲ್ ತೆಗೆದರೆ ಫ್ಯಾಟ್ ಜಾಸ್ತಿ ತೋರಿಸುತ್ತದೆ, ತಳದಿಂದ ತೆಗೆದರೆ ಕಡಿಮೆ. ಫ್ಯಾಟ್ ಅಳೆಯುವ ಗರ್ಬರ್ ಪರೀಕ್ಷೆಗೆ ನಾವು ಹಾಕುವುದು ಬರೀ 10.75 ಎಂಎಲ್ ಹಾಲು. ಅಷ್ಟು ಹಾಲನ್ನು ನೋಡಿ ಇಡೀ ಕ್ಯಾನಿನ ಲೆಕ್ಕ ಕಟ್ಟುತ್ತೇವೆ. ಹಳ್ಳಿಯ ಡೇರಿಯಲ್ಲಿ ರೈತರಿಗೆ ದರ ಸಿಗುವುದು ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ನೋಡಿ. ಪ್ಲಂಜರ್ ಎಂಬ ಕಲಕುವ ಕೋಲು ಹಾಕಿ ಮೇಲೆ ಕೆಳಗೆ ಆಡಿಸದೆ ಸ್ಯಾಂಪಲ್ ತೆಗೆದರೆ, ನಸುಕಿನಲ್ಲಿ ಎದ್ದು ಹಾಲು ಕರೆದವರ ದುಡ್ಡಿಗೇ ಕತ್ತರಿ ಬೀಳಬಹುದು. ಹಾಗಂತ ರಭಸವಾಗಿ ಬಡಿಯಲೂಬಾರದು. ನೊರೆ ಏಳುತ್ತದೆ, ಕೊಬ್ಬಿನ ಕಣಗಳ ಪೊರೆ ಒಡೆಯುತ್ತದೆ. ನಿಧಾನವಾಗಿ, ತಳದವರೆಗೂ ಕಲಕಬೇಕು.

ಇನ್ನು ಹೊಂದಿಸುವುದು. ಪ್ಲಾಂಟಿನ ಭಾಷೆಯಲ್ಲಿ ಸ್ಟ್ಯಾಂಡರ್ಡೈಸ್ ಮಾಡುವುದು. ಟೋನ್ಡ್ ಹಾಲಿನಲ್ಲಿ ಕನಿಷ್ಠ ಶೇ 3 ಫ್ಯಾಟ್, ಶೇ 8.5 ಎಸ್‌ಎನ್‌ಎಫ್ ಇರಬೇಕು. ಶೇ 4 ಫ್ಯಾಟ್ ಇರುವ 3000 ಕೆಜಿ ಹಾಲಿಗೆ 1000 ಕೆಜಿ ಸ್ಕಿಮ್ ಹಾಲು (ಕೊಬ್ಬು ತೆಗೆದ ಹಾಲು) ಸೇರಿಸಿದರೆ ಫ್ಯಾಟ್ ಹತ್ತಿರ ಹತ್ತಿರ ಶೇ 3ಕ್ಕೆ ಬರುತ್ತದೆ. ಇದು ತೂಕದ ಲೆಕ್ಕ. ಎಷ್ಟು ಹೊತ್ತು ಕಲಕಿದರೂ ಶೇ 4ರ ಹಾಲು ಶೇ 3 ಆಗುವುದಿಲ್ಲ.

ಒಂದು ರಾತ್ರಿ ಪಾಳಿಯಲ್ಲಿ ಇದೇ ಗೊಂದಲವಾಗಿತ್ತು. ಬರೆದಿದ್ದು ‘ಮಿಕ್ಸ್ ಆಗಿದೆ’. ಆಗಿದ್ದು ಅಜಿಟೇಟರ್ (ಸೈಲೋದ ಹಾಲು ಕಲಕುವ ಯಂತ್ರ) ಓಡಿಸಿದ್ದು ಮಾತ್ರ. ಮುಂದಿನ ಪಾಳಿಯವರು ಫ್ಯಾಟ್ ಹೊಂದಿಸಿ ಆಗಿದೆ ಎಂದುಕೊಂಡು ಪ್ಯಾಕಿಂಗ್‌ಗೆ ಸಿದ್ಧ ಮಾಡಿದರು. ಲ್ಯಾಬಿನಲ್ಲಿ ಸ್ಯಾಂಪಲ್ ನೋಡಿದಾಗ ಗೊತ್ತಾಯಿತು. ಪ್ಯಾಕಿಂಗ್ ನಿಂತಿತು, ಬೆಳಗಿನ ಗಾಡಿಗಳು ತಡವಾಗಿ ಹೊರಟವು. ಆಮೇಲೆ ಲಾಗ್‌ಬುಕ್‌ನಲ್ಲಿ ಮೂರಕ್ಕೂ ಬೇರೆ ಬೇರೆ ಕಾಲಂ ಮಾಡಿಸಿದೆವು. ಕಲಕಿದ ಸಮಯ ಒಂದರಲ್ಲಿ. ಹೊಂದಿಸಿದ ಮೇಲಿನ ಫ್ಯಾಟ್, ಎಸ್‌ಎನ್‌ಎಫ್ ಇನ್ನೊಂದರಲ್ಲಿ. ಹೋಮೋ ಒತ್ತಡ ಮತ್ತು ಉಷ್ಣತೆ ಮೂರನೆಯದರಲ್ಲಿ. ‘ಮಿಕ್ಸ್’ ಎಂದು ಬರೆಯಲು ಜಾಗವನ್ನೇ ಬಿಡಲಿಲ್ಲ.

ಹೋಮೋ, ಅಂದರೆ ಹೋಮೋಜಿನೈಸ್ ಮಾಡುವ ಯಂತ್ರಕ್ಕೆ ಫ್ರಾನ್ಸಿನ ಆಗಸ್ಟ್ ಗೋಲಾ 1899ರಲ್ಲಿ ಪೇಟೆಂಟ್ ಪಡೆದರು. ಕೊಬ್ಬು ಕರಗಿರುವಂತೆ ಹಾಲನ್ನು 60-70 ಡಿಗ್ರಿಗೆ ಬಿಸಿ ಮಾಡಿ, 150-200 ಬಾರ್ ಒತ್ತಡದಲ್ಲಿ ಕೂದಲೆಳೆಯಂಥ ಸಂದಿನಲ್ಲಿ ನುಗ್ಗಿಸುತ್ತಾರೆ. ಕೊಬ್ಬಿನ ಕಣ ಒಡೆದು ಚೂರಾಗುತ್ತದೆ. 4 ಮೈಕ್ರಾನ್ ಅಗಲದ ಒಂದು ಕಣ 1 ಮೈಕ್ರಾನಿನ 64 ಕಣಗಳಾಗುತ್ತದೆ. ಕಣ ಇಷ್ಟು ಸಣ್ಣದಾದರೆ ಅದು ಮೇಲೇರುವ ವೇಗ ತೀರಾ ಕಡಿಮೆ. ಹಾಗಾಗಿ ಪ್ಯಾಕೆಟ್ಟಿನ ಕೊನೆಯ ಲೋಟಕ್ಕೂ ಅಷ್ಟೇ ಕೊಬ್ಬು ಸಿಗುತ್ತದೆ. ಇಲ್ಲಿ ಒಂದು ಎಚ್ಚರ ಬೇಕು. ಹಸಿ ಹಾಲನ್ನು ಹೋಮೋ ಮಾಡಿ ಹಾಗೇ ಬಿಡಬಾರದು. ಪೊರೆ ಒಡೆದ ಕೊಬ್ಬಿನ ಮೇಲೆ ಹಾಲಿನಲ್ಲೇ ಇರುವ ಲೈಪೇಸ್ ಎಂಬ ಕಿಣ್ವ ಕೆಲಸ ಶುರು ಮಾಡಿ, ಹಾಲು ಬೇಗ ಕಮಟುತ್ತದೆ. ಅದಕ್ಕೇ ಬಿಸಿಯಿಂದ ಆ ಕಿಣ್ವದ ಕೆಲಸ ನಿಲ್ಲಿಸುವ ಪಾಶ್ಚರೀಕರಣ ಜೊತೆಯಲ್ಲೇ ನಡೆಯುತ್ತದೆ: 72 ಡಿಗ್ರಿ, 15 ಸೆಕೆಂಡು.

ಈ ವ್ಯತ್ಯಾಸ ಪ್ಲಾಂಟಿನ ಹೊರಗೂ ಬೇಕಾಗುತ್ತದೆ. ‘ಹಾಲು ಕಾಯಿಸಿದರೆ ಮೊದಲಿನ ಹಾಗೆ ಕೆನೆ ಕಟ್ಟುವುದಿಲ್ಲ, ಕೊಬ್ಬು ತೆಗೆದಿದ್ದೀರಾ?’ ಎಂದು ಫೋನ್ ಬರುತ್ತದೆ. ಯಾವ ಪ್ಯಾಕೆಟ್ ಎಂದು ಮೊದಲು ಕೇಳಿ. ಹೋಮೋ ಆದ ಟೋನ್ಡ್ ಹಾಲಾಗಿದ್ದರೆ ಶೇ 3 ಫ್ಯಾಟ್ ಅದರಲ್ಲೇ ಇದೆ, ಹಾಲಿನ ತುಂಬ ಹರಡಿದೆ ಅಷ್ಟೇ ಎಂದು ತಿಳಿಸಿ. ಮನೆಯಲ್ಲಿ ಬೆಣ್ಣೆ ತೆಗೆಯುವವರಾದರೆ ಹೋಮೋ ಆಗದ ಪ್ಯಾಕೆಟ್ ಕೊಳ್ಳಲು ಹೇಳಿ.