ಹತ್ತಕ್ಕೆ ಒಂಬತ್ತೂವರೆ ಸಿಕ್ಕಿತೆಂದರೆ ಏನರ್ಥ?

ದಾವಣಗೆರೆಯಲ್ಲಿ ಸಂಜೆ ಮಂಡಕ್ಕಿ-ಮೆಣಸಿನಕಾಯಿ ಮುಂದೆ ಧಾರಾವಾಹಿಯ ಮಾತು ಬಂದರೆ ಯಾರಾದರೂ ಫೋನಿನಲ್ಲಿ ನೋಡುಗರು ಹತ್ತಕ್ಕೆ ಕೊಟ್ಟ ಅಂಕಗಳ 'ಟಾಪ್ 10' ಪಟ್ಟಿ ತೆಗೆದೇ ತೆಗೆಯುತ್ತಾರೆ. ನಮ್ಮ ಮೆಚ್ಚಿನದು ಎಷ್ಟನೆಯದು? ಸೆಳೆತವೆಲ್ಲ ಅಲ್ಲೇ.

ಆದರೆ ಲೆಕ್ಕ ನೋಡದೆ ಪಟ್ಟಿ ನಂಬಬೇಡಿ. ಬರೀ ಸರಾಸರಿಯಲ್ಲಿ, 20 ಮತಗಳ 9.5 ಅಂಕವು 500 ಮತಗಳ 8.6ನ್ನು ಸೋಲಿಸಿಬಿಡುತ್ತದೆ. ಇದಕ್ಕೆ ಮದ್ದು ತೂಕದ ಸರಾಸರಿ. ಎಲ್ಲ ಧಾರಾವಾಹಿಗಳ ಒಟ್ಟು ಸರಾಸರಿ 7 ಅಂದುಕೊಳ್ಳಿ; ಪ್ರತಿಯೊಂದಕ್ಕೂ 7 ಅಂಕದ 100 ಮತ ಸೇರಿಸಿ ಭಾಗಿಸಿ. ಮೊದಲನೆಯದು 7.4ಕ್ಕೆ ಇಳಿಯುತ್ತದೆ, ಎರಡನೆಯದು 8.3ರಲ್ಲಿ ನಿಲ್ಲುತ್ತದೆ. ಅಭಿಮಾನಿಗಳು ಗುಂಪುಗೂಡಿ ಎದುರಾಳಿಗೆ 1 ಒತ್ತಿದರೆ ಇದೂ ವಾಲುತ್ತದೆ. ಹಾಗಾಗಿ ಅಂಕಕ್ಕಿಂತ ಮೊದಲು ಮತಗಳ ಹಂಚಿಕೆ ನೋಡಿ: 10 ಮತ್ತು 1ರಲ್ಲೇ ರಾಶಿ ಬಿದ್ದಿದ್ದರೆ ಅದು ಜಗಳ, ಅಭಿಪ್ರಾಯವಲ್ಲ.

ಟಿವಿ ವೀಕ್ಷಣೆ ಅಳೆಯುವ ಸಂಸ್ಥೆ ಬಾರ್ಕ್‌ನ ಟಿಆರ್‌ಪಿ ಬೇರೆಯೇ ಸಂಗತಿ. ಮೀಟರ್ ಇಟ್ಟ ಮಾದರಿ ಮನೆಗಳಲ್ಲಿ ಎಷ್ಟು ಜನ, ಎಷ್ಟು ಹೊತ್ತು ನೋಡಿದರು ಎಂಬುದಷ್ಟೇ ಅದು. ಮೆಚ್ಚಿದರೋ ಇಲ್ಲವೋ, ಅದು ಹೇಳದು.

ಮನೆಮಂದಿಯ ಪಟ್ಟಿಗಂತೂ ನಕ್ಷತ್ರ ಬೇಡವೇ ಬೇಡ. ಎರಡೆರಡು ಹೆಸರಿಟ್ಟು 'ಇದೋ, ಅದೋ?' ಎಂದು ಕೇಳಿ. 6 ಧಾರಾವಾಹಿಗೆ 15 ಜೋಡಿ, ಗೆಲುವಿಗೊಂದು ಅಂಕ. ಎರಡನ್ನೂ ನೋಡಿದವರು ಮಾತ್ರ ಆ ಜೋಡಿಗೆ ಮತ ಹಾಕಬೇಕು.