ಆರ್‌ಒಟಿಸಿ ಸ್ಕಾಲರ್‌ಶಿಪ್‌ಗೆ ಯಾವ ಮೇಜರ್ ಬರೆಯಬೇಕು?

ಇಲ್ಲಿ ಅಮೆರಿಕದಲ್ಲಿ ಹೈಸ್ಕೂಲಿನ ಕೊನೆಯ ವರ್ಷದ ಮಕ್ಕಳಿರುವ ಕನ್ನಡದ ಅಪ್ಪ-ಅಮ್ಮಂದಿರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. "ನಿಮ್ಮ ಮಗಳು ಆರ್‌ಒಟಿಸಿ ಸ್ಕಾಲರ್‌ಶಿಪ್‌ನಲ್ಲಿ ಓದಿದ್ದಲ್ವಾ? ನಮ್ಮ ಹುಡುಗನೂ ಅರ್ಜಿ ಹಾಕ್ತಿದ್ದಾನೆ. ಯಾವ ಮೇಜರ್ ಬರೆದ್ರೆ ಸಿಗುತ್ತೆ?"

ಗೊತ್ತಿಲ್ಲದವರಿಗೆ ಎರಡು ಮಾತು. ಮೇಜರ್ ಅಂದರೆ ಇಲ್ಲಿ ಸೇನೆಯ ಹುದ್ದೆಯಲ್ಲ, ಕಾಲೇಜಿನಲ್ಲಿ ಡಿಗ್ರಿಗೆ ಆರಿಸಿಕೊಳ್ಳುವ ಮುಖ್ಯ ವಿಷಯ. ಆರ್‌ಒಟಿಸಿ ಅಂದರೆ ಸಾಮಾನ್ಯ ಕಾಲೇಜಿನಲ್ಲಿ ಓದುತ್ತಲೇ ಸೇನೆಯ ಅಧಿಕಾರಿಯಾಗಲು ತರಬೇತಿ ಪಡೆಯುವ ವ್ಯವಸ್ಥೆ. 1916ರ ಕಾಯ್ದೆಯಿಂದ ಶುರುವಾದದ್ದು. ಆರ್ಮಿ ಸ್ಕಾಲರ್‌ಶಿಪ್ ಸಿಕ್ಕಿದರೆ ಪೂರ್ತಿ ಟ್ಯೂಷನ್ ಫೀಸು, ಇಲ್ಲವೇ ವಸತಿ-ಊಟದ ಖರ್ಚು ಕೊಡುತ್ತಾರೆ. ಅದರ ಮೇಲೆ ಪುಸ್ತಕಕ್ಕೆ ವರ್ಷಕ್ಕೆ 1,200 ಡಾಲರ್, ಓದುವ ತಿಂಗಳುಗಳಲ್ಲಿ ಕೈಖರ್ಚಿಗೆ 420 ಡಾಲರ್. ಡಿಗ್ರಿ ಮುಗಿದ ಮೇಲೆ ಒಟ್ಟು ಎಂಟು ವರ್ಷ ಸೇವೆಯ ಕಟ್ಟುಪಾಡು. ಅದರಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷ ಪೂರ್ಣಾವಧಿ. ಅಂದಹಾಗೆ, ಇದಕ್ಕೆ ಅಮೆರಿಕದ ಪೌರತ್ವ ಬೇಕೇ ಬೇಕು. ಗ್ರೀನ್ ಕಾರ್ಡ್ ಸಾಲದು.

ಮೇಜರ್ ಯಾವುದು ಅಂತ ಕೇಳಿದವರಿಗೆ ನಾನು ತಿರುಗಿ ಕೇಳುವುದು, "ಯಾವ ಸೇನೆಗೆ?" ಯಾಕೆಂದರೆ ಉತ್ತರ ಅಲ್ಲೇ ಬದಲಾಗುತ್ತದೆ.

ನೇವಿಯಲ್ಲಿ ಮೇಜರ್‌ಗೆ ತುಂಬಾ ತೂಕ ಇದೆ. ಅವರು ಮೇಜರ್‌ಗಳನ್ನು ಮೂರು ಶ್ರೇಣಿಯಾಗಿ ವಿಂಗಡಿಸಿದ್ದಾರೆ. ಒಂದನೆಯದು ಎಂಜಿನಿಯರಿಂಗ್. ಎರಡನೆಯದು ಗಣಿತ, ಭೌತಶಾಸ್ತ್ರ, ಕೆಮಿಸ್ಟ್ರಿ, ಕಂಪ್ಯೂಟರ್ ಸೈನ್ಸ್ ಥರದವು. ಮಿಕ್ಕಿದ್ದೆಲ್ಲ ಮೂರನೆಯದು. ಸ್ಕಾಲರ್‌ಶಿಪ್‌ಗಳಲ್ಲಿ ಕನಿಷ್ಠ 85% ಮೊದಲ ಎರಡು ಶ್ರೇಣಿಗೇ ಹೋಗಬೇಕು ಅನ್ನುವುದು ಅವರ ನೀತಿ. ಇತಿಹಾಸ ಓದುವ ಹುಡುಗಿಗೂ ಕ್ಯಾಲ್ಕುಲಸ್ ಮತ್ತು ಫಿಸಿಕ್ಸ್ ಕಡ್ಡಾಯ. ಅದೇ ನೇವಿಯ ಕೈಕೆಳಗೆ ಬರುವ ಮರೀನ್ಸ್ ದಾರಿಯಲ್ಲಿ ಈ ಶ್ರೇಣಿಗಳ ಕಾಟ ಇಲ್ಲ. ಏರ್ ಫೋರ್ಸ್‌ಗೂ ಟೆಕ್ನಿಕಲ್ ಮೇಜರ್ ಅಂದರೆ ಒಲವು ಜಾಸ್ತಿ. ಆದರೆ ಪೈಲಟ್ ಆಗಲು ಏರೋಸ್ಪೇಸ್ ಓದಲೇಬೇಕು ಅನ್ನುವುದು ಸುಮ್ನೆ ಹಬ್ಬಿರುವ ಮಾತು. ಆರ್ಮಿ ಹೆಚ್ಚುಕಡಿಮೆ ಯಾವ ಮೇಜರ್ ಇದ್ದರೂ ತೆಗೆದುಕೊಳ್ಳುತ್ತದೆ. ಅಲ್ಲಿ ನೋಡುವುದು ಅಂಕ, ದೇಹದಾರ್ಢ್ಯ, ಮುಂದೆ ನಿಂತು ಕೆಲಸ ಮಾಡಿಸಿದ ಅನುಭವ, ಸಂದರ್ಶನ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ನಮ್ಮವರಲ್ಲಿ ಬಹಳ ಜನ ಸ್ಕಾಲರ್‌ಶಿಪ್ ಸಿಗಲಿ ಅಂತ ಮೆಕ್ಯಾನಿಕಲ್ ಎಂಜಿನಿಯರಿಂಗ್ ಅಂತ ಬರೆಸಿಬಿಡುತ್ತಾರೆ. "ಆಮೇಲೆ ಬದಲಾಯಿಸಿದರಾಯ್ತು" ಅನ್ನುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸ್ಕಾಲರ್‌ಶಿಪ್ ಆ ಮೇಜರ್‌ಗೆ ಅಂಟಿಕೊಂಡೇ ಬರುತ್ತದೆ. ನೇವಿಯಲ್ಲಿ ಒಂದನೇ ಶ್ರೇಣಿಯಿಂದ ಮೂರಕ್ಕೆ ಇಳಿಯಬೇಕಾದರೆ ಮೇಲಿನಿಂದ ಒಪ್ಪಿಗೆ ಬರಬೇಕು. ಬರದಿದ್ದರೆ ಸ್ಕಾಲರ್‌ಶಿಪ್ಪೇ ಹೋಗಬಹುದು. ಆರ್ಮಿ ಸ್ವಲ್ಪ ಸಡಿಲ, ಆದರೂ ಕೇಳದೆ ಬದಲಾಯಿಸುವಂತಿಲ್ಲ.

ಕಾಲಿನ್ ಪೊವೆಲ್ ಗೊತ್ತಲ್ವಾ? 1954ರಲ್ಲಿ ನ್ಯೂಯಾರ್ಕಿನ ಸಿಟಿ ಕಾಲೇಜಿಗೆ ಸೇರಿದಾಗ ತಾಯಿಯ ಆಸೆಯಂತೆ ಎಂಜಿನಿಯರಿಂಗ್ ತೆಗೆದುಕೊಂಡರು. ಒಂದು ಬೇಸಿಗೆ ಡ್ರಾಯಿಂಗ್ ತರಗತಿಯಲ್ಲಿ ಮೇಷ್ಟ್ರು, ಶಂಕುವೊಂದನ್ನು ಸಮತಲ ಸೀಳುವುದನ್ನು ಕಲ್ಪಿಸಿಕೊಳ್ಳಿ ಅಂದರು. ಇವರಿಗೆ ಅದು ಕಣ್ಣಿಗೆ ಬರಲೇ ಇಲ್ಲ. ಎಂಜಿನಿಯರಿಂಗ್ ಬಿಟ್ಟು ಭೂವಿಜ್ಞಾನಕ್ಕೆ ಹೋದರು. 1958ರಲ್ಲಿ ಆರ್‌ಒಟಿಸಿ ಮೂಲಕವೇ ಅಧಿಕಾರಿಯಾದರು, 1989ರಲ್ಲಿ ಅಮೆರಿಕದ ಸೇನೆಗಳ ಮುಖ್ಯಸ್ಥರ ಮಂಡಳಿಯ ಅಧ್ಯಕ್ಷರಾದರು. ಆರ್ಮಿಯ ಆರ್‌ಒಟಿಸಿ ಸ್ಕಾಲರ್‌ಶಿಪ್ ಬಂದದ್ದು 1964ರ ಕಾಯ್ದೆಯಿಂದ. ಹಾಗಾಗಿ ಅವರಿಗೆ ಮೇಜರ್ ಬದಲಾಯಿಸಿದರೆ ಕಳೆದುಕೊಳ್ಳಲು ಸ್ಕಾಲರ್‌ಶಿಪ್ ಇರಲಿಲ್ಲ. ನಿಮ್ಮ ಮಕ್ಕಳಿಗೆ ಇರುತ್ತದೆ.

ನನ್ನ ಸಲಹೆ, ಅರ್ಜಿ ಹಾಕುವ ಮೊದಲೇ ಒಂದು ಕೆಲಸ ಮಾಡಿ. ಆರ್ಮಿಯಲ್ಲಿ 104-ಆರ್ ಅಂತ ಒಂದು ಫಾರಂ ಇದೆ. ಕಾಲೇಜಿಗೆ ಸೇರಿದ ಮೇಲೆ ತುಂಬುವಂಥದ್ದು. ಡಿಗ್ರಿ ಮುಗಿಯುವ ತನಕ ಪ್ರತಿ ಸೆಮಿಸ್ಟರಿನಲ್ಲಿ ಯಾವ ಕೋರ್ಸು, ಎಷ್ಟು ಕ್ರೆಡಿಟ್ ಅಂತ ಅದರಲ್ಲಿ ಬರೆಯಬೇಕು. ನನ್ನ ಮಗಳು ಮನಸ್ಸಿನಲ್ಲಿದ್ದ ಎರಡು ಮೇಜರ್‌ಗಳಿಗೂ ಹೈಸ್ಕೂಲಿನಲ್ಲಿದ್ದಾಗಲೇ ಅಂಥದ್ದೊಂದು ಹಾಳೆ ಮಾಡಿದಳು. ಎಂಜಿನಿಯರಿಂಗ್ ಹಾಳೆಯಲ್ಲಿ ಫಿಸಿಕ್ಸ್, ಕ್ಯಾಲ್ಕುಲಸ್, ಲ್ಯಾಬು ತುಂಬಿ, ಅದರ ಮೇಲೆ ಸೇನೆಯ ತರಗತಿ ಮತ್ತು ವಾರದ ಲೀಡರ್‌ಶಿಪ್ ಲ್ಯಾಬ್ ಸೇರಿಸಿದಾಗ ನಾಲ್ಕು ವರ್ಷದಲ್ಲಿ ಜಾಗವೇ ಉಳಿಯಲಿಲ್ಲ. ಮೂರನೇ ವರ್ಷ ಮುಗಿದ ಬೇಸಿಗೆ ಕೆಂಟಕಿಯ ಫೋರ್ಟ್ ನಾಕ್ಸ್‌ನಲ್ಲಿ ಕ್ಯಾಂಪು, ಆಗ ಬೇಸಿಗೆ ಕೋರ್ಸಿಗೂ ಹೊತ್ತಿಲ್ಲ. ಇದೆಲ್ಲ ಬೆಳಿಗ್ಗೆ ಕತ್ತಲಿರುವಾಗಲೇ ಎದ್ದು ಕಸರತ್ತು ಮಾಡಿ ಬಂದ ದಿನಗಳಲ್ಲಿ. ಅವಳು ನರ್ಸಿಂಗ್ ಆರಿಸಿಕೊಂಡಳು. ಅದೂ ಸುಲಭದ ಓದಲ್ಲ, ಆದರೆ ಅವಳಿಗೆ ಆಸೆ ಇದ್ದ ಓದು.

ಅಂಕದ ಮಾತು ಇನ್ನೂ ಮುಖ್ಯ. ಆರ್ಮಿಯಲ್ಲಿ ಕೊನೆಗೆ ದೇಶದ ಎಲ್ಲ ಆರ್‌ಒಟಿಸಿ ಕೆಡೆಟ್‌ಗಳನ್ನು, ಅಂದರೆ ತರಬೇತಿಯಲ್ಲಿರುವ ವಿದ್ಯಾರ್ಥಿಗಳನ್ನು, ಒಂದೇ ರ‍್ಯಾಂಕ್ ಪಟ್ಟಿಯಲ್ಲಿ ಇಡುತ್ತಾರೆ. ಕಾಲೇಜಿನ ಜಿಪಿಎ ಅದರಲ್ಲಿ ದೊಡ್ಡ ಪಾಲು. ಸೇನೆಯ ಯಾವ ವಿಭಾಗದಲ್ಲಿ ಕೆಲಸ ಸಿಗುತ್ತದೆ ಅನ್ನುವುದಕ್ಕೆ ಆ ಪಟ್ಟಿ ಲೆಕ್ಕಕ್ಕೆ ಬರುತ್ತದೆ. ಇಷ್ಟವಿಲ್ಲದ ಎಂಜಿನಿಯರಿಂಗ್‌ನಲ್ಲಿ ಏದುಸಿರು ಬಿಡುವ ಹುಡುಗ ಅಲ್ಲಿ ಹಿಂದೆ ಬೀಳುತ್ತಾನೆ. ಎಂಜಿನಿಯರಿಂಗ್ ಅಂದರೆ ಪ್ರಾಣ ಅನ್ನುವ ಮಕ್ಕಳು ಖಂಡಿತ ಅದನ್ನೇ ಬರೆಯಲಿ, ನೇವಿಯಲ್ಲಿ ಅವರಿಗೆ ಬಾಗಿಲು ತೆರೆದೇ ಇದೆ.

ಸೇರಿದ ಮೇಲೆ ಸರಿಹೋಗಲಿಲ್ಲ ಅಂದರೆ? ನಾಲ್ಕು ವರ್ಷದ ಸ್ಕಾಲರ್‌ಶಿಪ್‌ನಲ್ಲಿ ಸೇವೆಯ ಕಟ್ಟುಪಾಡು ಶುರುವಾಗುವುದು ಎರಡನೇ ವರ್ಷ ಆರಂಭವಾದಾಗ. ಅದಕ್ಕೂ ಮೊದಲು ಹೊರಬಂದರೆ ಸಾಲವೂ ಇಲ್ಲ, ಸೇವೆಯೂ ಇಲ್ಲ. ಮೇಜರ್ ಬಗ್ಗೆ ಅನುಮಾನ ಇದ್ದರೆ ಆ ಮೊದಲ ವರ್ಷದಲ್ಲೇ ಬಾಯಿಬಿಟ್ಟು ಹೇಳಬೇಕು.

"ಹಾಗಾದ್ರೆ ಎಕನಾಮಿಕ್ಸ್ ಬರೆದ್ರೆ ಚಾನ್ಸ್ ಕಡಿಮೆ ಅಲ್ವಾ?" ನೇವಿಯಲ್ಲಿ ಹೌದು, ಕಡಿಮೆಯೇ. ಆದರೆ ಒಂದಕ್ಕಿಂತ ಹೆಚ್ಚು ಸೇನೆಗೆ ಒಟ್ಟಿಗೆ ಅರ್ಜಿ ಹಾಕಬಹುದು. ಎಕನಾಮಿಕ್ಸ್ ಇಷ್ಟಪಡುವ ಹುಡುಗ ನೇವಿಗೂ ಆರ್ಮಿಗೂ ಎಕನಾಮಿಕ್ಸ್ ಅಂತಲೇ ಬರೆದು ಎರಡನ್ನೂ ಕಳಿಸಲಿ.