ಎಲ್ಲರ ಕೈಗೂ ಒಗ್ಗುವ ಪಿಸ್ತೂಲು

ಮನೆಗೊಂದು ಪಿಸ್ತೂಲು ಬೇಕು ಅಂತ ಆರು ತಿಂಗಳಿಂದ ಮಾತಾಡುತ್ತಲೇ ಇದ್ದೆವು. ಟೆಕ್ಸಾಸ್‌ನಲ್ಲಿ ನಮ್ಮದು ಊರಾಚೆಯ ಮನೆ. ಶನಿವಾರ ಹೆಂಡತಿ, ಮಗಳು, ನಾನು ಮೂವರೂ ಶೂಟಿಂಗ್ ರೇಂಜಿಗೆ ಹೋದೆವು.

ಚಿಕ್ಕದಾದರೆ ಅವರಿಬ್ಬರಿಗೂ ಸುಲಭ ಅಂದುಕೊಂಡಿದ್ದೆ. ಹಾಗಲ್ಲ. ಹಗುರವಾದ ಪುಟ್ಟ ರಿವಾಲ್ವರ್ ಎರಡೇ ಗುಂಡಿಗೆ ಹೆಂಡತಿಯ ಹೆಬ್ಬೆರಳ ಬುಡ ಕೆಂಪು ಮಾಡಿಬಿಟ್ಟಿತು. ತೂಕ ಕಮ್ಮಿಯಾದಷ್ಟೂ ಒದೆತ ಜಾಸ್ತಿ. ಆಮೇಲೆ ಗ್ಲಾಕ್ 19 ಪಿಸ್ತೂಲು. ನನಗೆ ಸರಿಹೋಯಿತು, ಆದರೆ ಮಣಿಕಟ್ಟಿನ ನೋವಿರುವ ಹೆಂಡತಿಗೆ ಸ್ಲೈಡ್, ಅಂದರೆ ಪಿಸ್ತೂಲಿನ ಮೇಲಿನ ಜಾರುವ ಭಾಗ, ಹಿಂದಕ್ಕೆ ಎಳೆಯಲು ಆಗಲೇ ಇಲ್ಲ. ಕೊನೆಗೆ ಸ್ಮಿತ್ ಅಂಡ್ ವೆಸನ್‌ನ ಶೀಲ್ಡ್ ಈಜಿ, .380 ಅಳತೆಯ ಗುಂಡಿನದ್ದು. ಸ್ಲೈಡ್ ಸಲೀಸಾಗಿ ಬಂತು. ಗುಂಡು ತುಂಬುವ ಡಬ್ಬಿ, ಅಂದರೆ ಮ್ಯಾಗಜಿನ್, ಅದರ ಪಕ್ಕದ ಬಟನ್ ಕೆಳಗೆ ಒತ್ತಿ ಹಿಡಿದು ಎಂಟು ಗುಂಡನ್ನೂ ಅವಳೇ ತುಂಬಿದಳು. ಮಗಳಿಗೂ ಅದೇ ಹಿಡಿಸಿತು. ನನಗೆ ಇನ್ನೂ ಬಲವಾದ 9 ಎಂಎಂ ಗುಂಡಿನದ್ದರ ಆಸೆ ಇತ್ತು, ಬಿಟ್ಟೆ. ಮೂವರಲ್ಲಿ ಯಾರ ಕೈಗೆ ಕಷ್ಟವೋ ಅವರೇ ಆರಿಸಬೇಕು, ಅಲ್ವಾ?

ಕೊಡಗಿನ ನಮ್ಮ ಐನ್‌ಮನೆ, ಅಂದರೆ ಕುಲದ ಹಳೇ ಮನೆ, ನೆನಪಾಯಿತು. ಆಯುಧ ಪೂಜಿಸುವ ಕೈಲ್‌ಪೊಳ್ದ್ ಹಬ್ಬದ ದಿನ ತಾತ ಕೋವಿಯ ನಳಿಗೆಗೆ ತೋಕ್ ಪೂ ಅನ್ನುವ ಹೂವು ಸಿಕ್ಕಿಸುತ್ತಿದ್ದರು. ಮಕ್ಕಳು ಕೈ ಮುಗಿಯಬೇಕು, ಮುಟ್ಟುವ ಹಾಗಿರಲಿಲ್ಲ.

ತಂಗಿಯ ಆರು ವರ್ಷದ ಮಗ ವಾರಕ್ಕೊಮ್ಮೆ ನಮ್ಮಲ್ಲಿ ಮಲಗುತ್ತಾನೆ. ಅದಕ್ಕೇ ಪಿಸ್ತೂಲಿಗಿಂತ ಮೊದಲು ನಂಬರ್ ಒತ್ತಿ ತೆಗೆಯುವ ಉಕ್ಕಿನ ಪೆಟ್ಟಿಗೆ ತಂದೆ. ಇವತ್ತು ಬೀರುವಿನೊಳಗೆ ಬೋಲ್ಟ್ ಹಾಕಿ ಕೂರಿಸಿದೆ. ದೀಪ ಆರಿಸಿ, ಕತ್ತಲಲ್ಲಿ ಮೂವರೂ ಸರದಿ ಪ್ರಕಾರ ಖಾಲಿ ಪೆಟ್ಟಿಗೆ ತೆಗೆದು ನೋಡಿದೆವು.